ಮುಗಿಯದ ಸಿರಪ್ಪು

ಕುಂಬಾರಕೊಪ್ಪಲಿನ ನಮ್ಮ ಬೀದಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರು ಯಾರ ಬಾಯಿಮಾತನ್ನೂ ನಂಬುತ್ತಿರಲಿಲ್ಲ. ಮಕ್ಕಳ ಔಷಧಿ ಕೊಟ್ಟರೆ ಸೂಜಿಯಿಲ್ಲದ ಸಿರಿಂಜನ್ನೂ ಕೈಗಿತ್ತು, ಕನ್ನಡಕ ಹಣೆಗೇರಿಸಿ, "ಎಲ್ಲಿ, ಎಷ್ಟು ಕುಡಿಸ್ತೀರಿ, ಎಳ್ದು ತೋರ್ಸಿ" ಎನ್ನುತ್ತಿದ್ದರು.

ನನ್ನ ಮಗಳು ಎರಡು ತಿಂಗಳು ಮೊದಲೇ ಹುಟ್ಟಿದ್ದಳು. ಮೂಳೆ ಗಟ್ಟಿಯಾಗಲೆಂದು ಡಾಕ್ಟರು ಕ್ಯಾಲ್ಸಿಯಂ ಸಿರಪ್ ಬರೆದುಕೊಟ್ಟಿದ್ದರು.

ಒಂದು ಬೆಳಿಗ್ಗೆ ನಾನು ತಲೆನೋವಿನ ಮಾತ್ರೆಗೆಂದು ಹೋದಾಗ ಅವರೇ ಕೇಳಿದರು: "ಪಾಪು ಸಿರಪ್ಪು ಇಷ್ಟೊತ್ಗೆ ಮುಗೀಬೇಕಿತ್ತಲ್ಲಮ್ಮ?"

"ನಿಲ್ಲಿಸ್ಬುಟ್ಟೆ ಸಾರ್," ಎಂದೆ. "ನನ್ ಹಾಲೇ ಸಾಲ್ದೇನೋ ಅನ್ಸೋದು, ಅದನ್ನ ಕುಡಿಸ್ವಾಗೆಲ್ಲ."

ಅವರು ಬೈಯಲಿಲ್ಲ. "ನಿಮ್ ಹಾಲಿಗೇನೂ ಆಗಿಲ್ಲ ಕಣಮ್ಮ. ಮೂಳೆಗೆ ಬೇಕಾದ್ದನ್ನ ಮಗು ಕೊನೇ ತಿಂಗಳುಗಳಲ್ಲಿ ಹೊಟ್ಟೆ ಒಳಗಿದ್ದೇ ನಿಮ್ಮಿಂದ ತಗೊಳ್ತದೆ. ಇವಳಿಗೆ ಆ ಟೈಮೇ ಸಿಗ್ಲಿಲ್ಲ. ಅಷ್ಟೇ."

ಹೆರಿಗೆಯಾದಂದಿನಿಂದ ಯಾರೂ ನನಗೆ ಹಾಗೆ ಬಿಡಿಸಿ ಹೇಳಿರಲಿಲ್ಲ. ಅಲ್ಲೇ ನಿಂತು ಅತ್ತುಬಿಟ್ಟೆ. ಅವರು ತಮ್ಮ ಫೋನಿನಿಂದಲೇ ಡಾಕ್ಟರಿಗೆ ಕರೆ ಮಾಡಿ ನನ್ನ ಕೈಗೆ ಕೊಟ್ಟರು. ಡಾಕ್ಟರು ಹೇಳಿದಂತೆ ಅಂದೇ ಹಿಂಡಿದ ಎದೆಹಾಲಿಗೆ ಸಿರಪ್ ಬೆರೆಸಿ ಒಳಲೆಯಲ್ಲಿ ಕುಡಿಸಿದೆ.

ಮುಂದಿನ ತಪಾಸಣೆಯ ಹೊತ್ತಿಗೆ ಮಗಳು ತೂಕ ಹೆಚ್ಚಿಸಿಕೊಂಡಿದ್ದಳು, ಉದ್ದವೂ ಆಗಿದ್ದಳು. ಹೇಳಲು ಹೋದರೆ ಅಂಗಡಿಯ ತುಂಬ ಜನ. ದೂರದಿಂದಲೇ ಮಗುವನ್ನು ಎತ್ತಿ ತೋರಿಸಿದೆ. ಅವರು ಕೈಲಿದ್ದ ಚೀಟಿಯನ್ನು ಕೆಳಗಿಟ್ಟು, ಗಿರಾಕಿಗಳ ತಲೆಗಳ ಮೇಲಿನಿಂದ ಎರಡೂ ಕೈ ಚಾಚಿದರು.