ಮುರಿಗೆಪ್ಪನ ಸಕ್ಕರೆ ಪೊಟ್ಟಣ

ನಮ್ಮ ಶೆಡ್ಡಲ್ಲಿ ಒಬ್ಬ ಸಕ್ಕರೆ ಕಳ್ಳ ಇದ್ದ. ಟೀ ಟೇಬಲ್ ಮೇಲಿನ ಡಬ್ಬಿ ವಾರ ಮುಗಿಯೋ ಮುಂಚೇನೇ ಖಾಲಿ. ಆ ಡಬ್ಬಿ ನೋಡ್ಕೊಳ್ಳೋದು ನಾನೇ. ಪೀಣ್ಯದ ಸಣ್ಣ ಕಂಪನಿಗಳಲ್ಲಿ ಹೆಂಗಸು ಲ್ಯಾಬ್ ನೋಡ್ಕೊಳ್ಳೋಕೆ ಅಂತ ಸೇರಿದ್ರೂ ಟೀ ಡಬ್ಬಿ ಅವಳ ತಲೆಗೇ ಕಟ್ತಾರೆ. ನನ್ನ ಹೆಸರು ಪದ್ಮಾವತಿ. ಹುಟ್ಟಿ ಬೆಳೆದಿದ್ದು ಮಾದನಾಯಕನಹಳ್ಳಿ, ಓದಿದ್ದು ಬಿಎಸ್ಸಿ, ಕೆಲಸ ಒಂದು ಪ್ಲೇಟಿಂಗ್ ಯೂನಿಟ್ಟಿನ ಲ್ಯಾಬಲ್ಲಿ. ಲ್ಯಾಬ್ ಅಂದ್ರೆ ಒಂದು ಟೇಬಲ್ಲು, ಒಂದಿಷ್ಟು ಗಾಜಿನ ಸಾಮಾನು, ಕಾಲು ಅಲ್ಲಾಡೋ ಒಂದು ಸ್ಟೂಲು, ಅಷ್ಟೇ.

ಕಳ್ಳ ಮುರಿಗೆಪ್ಪಣ್ಣ ಅಂತ ಗೊತ್ತಾದಾಗ ನಗು ತಡೆಯೋಕಾಗ್ಲಿಲ್ಲ. ಐವತ್ತೆರಡು ವರ್ಷದ ಮನುಷ್ಯ, ಟೀಗೆ ಸಕ್ಕರೆ ಮುಟ್ಟದವನು, ಎರಡು ಚಮಚ ಪೇಪರಲ್ಲಿ ಕಟ್ಟಿ ಅಂಗಿ ಜೇಬಿಗೆ ಇಳಿಸ್ತಿದ್ದ. "ಏನಣ್ಣ, ಮನೇಲಿ ಹೊಳೆವ್ವಕ್ಕ ಪಾಯಸ ಮಾಡ್ತಾರಾ?" ಅಂತ ಅವನ ಹೆಂಡತಿ ಹೆಸರು ಹಿಡಿದು ಕೆಣಕಿದೆ. "ಇರವಿಗೆ ಹಾಕ್ತೀನ್ರಿ ಅಕ್ಕಾರ" ಅಂದ. ಇರುವೆಗೆ ಸಕ್ಕರೆ ಹಾಕೋದು ಪುಣ್ಯದ ಕೆಲಸ, ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ಮನಾದೆ.

ಅವನು ಬಾದಾಮಿ ಕಡೆಯವನು. ಹತ್ತೊಂಬತ್ತು ವರ್ಷದಿಂದ ಇದೇ ಶೆಡ್ಡಲ್ಲಿ ಆಸಿಡ್ ಕೆಲಸ. ನಮ್ಮಲ್ಲಿಗೆ ಬರೋ ಬೋಲ್ಟು ನಟ್ಟುಗಳ ತುಕ್ಕು ಆಸಿಡ್ ತೊಟ್ಟಿಯಲ್ಲಿ ಬಿಡಬೇಕು, ಆಮೇಲೆ ಸತುವಿನ ಲೇಪ ಕೂರಬೇಕು. ತುಕ್ಕಿಗೆ ಹೈಡ್ರೋಕ್ಲೋರಿಕ್, ಅದನ್ನ ಎಲ್ಲರೂ ಹೈಡ್ರೋ ಅಂತಾರೆ. ಹೊಳಪಿಗೆ ನೈಟ್ರಿಕ್, ಅದೂ ಚೂರೇ ಚೂರು. ಅಲ್ಯೂಮಿನಿಯಂ ಸಾಮಾನಿಗೆ ಸಲ್ಫ್ಯೂರಿಕ್. ಮೂರೂ ಬರೋದು ಒಂದೇ ತರದ ನೀಲಿ ಕ್ಯಾನಲ್ಲಿ. ಲೇಬಲ್ಲನ್ನ ಶೆಡ್ಡಿನ ಹೊಗೆ ಎರಡು ತಿಂಗಳಲ್ಲಿ ತಿಂದು ಹಾಕುತ್ತೆ.

ಆಸಿಡ್ ಅಂದ್ರೆ ಹೊರಗಿನವರಿಗೆ ಎಲ್ಲಾ ಒಂದೇ. ಅಲ್ಲ ಕಣ್ರೀ. ಹೈಡ್ರೋ ಮುಚ್ಚಳ ತೆಗೆದ್ರೆ ಘಾಟು ಗಂಟಲಿಗೆ ಬಡಿಯುತ್ತೆ. ನೈಟ್ರಿಕ್ ಬಿದ್ದರೆ ಕೈ ಹಳದಿಯಾಗಿ ವಾರಗಟ್ಟಲೆ ಹೋಗಲ್ಲ. ಸಲ್ಫ್ಯೂರಿಕ್ಕಿಗೆ ವಾಸನೆಯೇ ಇಲ್ಲ, ಎಣ್ಣೆ ತರ ಮಂದ, ಎತ್ತಿದರೆ ಕಲ್ಲು. ಅದು ನೀರು ಕಂಡ್ರೆ ಸಾಕು, ಕುದಿಯೋಕೆ ಶುರು. ಅದಕ್ಕೇ ಯಾವಾಗಲೂ ನೀರಿಗೆ ಆಸಿಡ್ಡನ್ನ ಸಣ್ಣಗೆ ಬಿಡಬೇಕು, ಆಸಿಡ್ಡಿಗೆ ನೀರು ಹಾಕಿದ್ರೆ ಮುಖಕ್ಕೇ ಸಿಡಿಯುತ್ತೆ. ಗಂಧಕ ಸುಟ್ಟು ಸಲ್ಫ್ಯೂರಿಕ್ ಮಾಡ್ತಾರೆ, ಅದನ್ನ ಅಡುಗೆ ಉಪ್ಪಿನ ಜೊತೆ ಕಾಯಿಸಿದ್ರೆ ಹೈಡ್ರೋ ಬರುತ್ತೆ, ಪಟಾಕಿ ಮದ್ದಿಗೆ ಹಾಕೋ ಪೆಟ್ಲುಪ್ಪಿನ ಜೊತೆ ಕಾಯಿಸಿದ್ರೆ ನೈಟ್ರಿಕ್ ಬರುತ್ತೆ ಅಂತ ಒಂದ್ಸಲ ಹೇಳಿದ್ದೆ. "ಹಂಗಾದ್ರ ಮೂರೂ ಒಂದ ಮನೀವು ಅನ್ರಿ" ಅಂದಿದ್ದ ಮುರಿಗೆಪ್ಪಣ್ಣ.

ತುಂಬಿದ ಕ್ಯಾನಾದರೆ ಎತ್ತಿದ ಕೂಡಲೇ ತೂಕದಲ್ಲಿ ಗೊತ್ತಾಗುತ್ತೆ. ಅರ್ಧ ಕ್ಯಾನಿಗೆ ಮುರಿಗೆಪ್ಪನ ಮೂಗೇ ಗತಿ. ಶೆಡ್ಡೆಲ್ಲಾ ಘಾಟು ತುಂಬಿರೋವಾಗ ನಮ್ಮ ಮೂಗಿಗೆ ಒಂದೂ ತಿಳಿಯಲ್ಲ. ಅವನು ಮುಚ್ಚಳ ಸಡಿಲಿಸಿ, ಕೈಯಲ್ಲಿ ಗಾಳಿ ಎಳ್ಕೊಂಡು, ಇಂಥದ್ದು ಅಂದ್ರೆ ಮುಗೀತು. ಮಾಲೀಕರು ಅಂಬರೀಶ್ ಸಾರ್ ಬಂದ ಗಿರಾಕಿಗಳ ಮುಂದೆಲ್ಲಾ "ನಮ್ಮ ಮುರಿಗೆಪ್ಪನ ಮೂಗು" ಅಂತ ಹೊಗಳ್ಕೊಂಡು ಓಡಾಡೋರು. ಸಾವಿರ ರೂಪಾಯಿ ಖರ್ಚು ಮಾಡಿ ಮೂರು ಬಣ್ಣದ ಮುಚ್ಚಳ ತರಿಸೋಕೆ ಮಾತ್ರ ಅವರಿಗೆ ಮನಸ್ಸು ಬಂದಿರಲಿಲ್ಲ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ವಿ. ಅವನ ಡಬ್ಬಿ ತೆರೆದ ಕೂಡಲೇ ಹುಳಿ ನಾತ ಹೊಡೀತು, ಪಲ್ಯ ಪೂರ್ತಿ ಹಳಸಿತ್ತು. ಅವನು ರೊಟ್ಟಿ ಮುರಿದು, ಪಲ್ಯ ಹಚ್ಚಿ, ನೆಮ್ಮದಿಯಾಗಿ ಬಾಯಿಗಿಟ್ಟ. "ಅಯ್ಯೋ, ಹಳಸಿದೆ ಕಣಣ್ಣ!" ಅಂದೆ. ಅವನ ಕೈ ಅಲ್ಲೇ ನಿಂತ್ಬಿಡ್ತು. ನನ್ನನ್ನ ನೋಡಿದ, ಡಬ್ಬಿ ನೋಡಿದ. ಇವನಿಗೆ ವಾಸನೆಯೇ ಬರ್ತಿಲ್ಲ ಅಂತ ಆಗ ಹೊಳೀತು.

"ಎಷ್ಟು ದಿನದಿಂದ?" ಅಂದೆ.

"ಆರು ತಿಂಗ್ಳಾತ್ರಿ. ಜ್ವರ ಬಂದಿತ್ತಲ್ರಿ, ಅವಾಗ ಹೋತು. ತಿರುಗಿ ಬರ್ಲಿಲ್ಲ."

"ಆರು ತಿಂಗಳಿಂದ ಕ್ಯಾನ್ ಮೂಸಿ ಮೂಸಿ ಹೇಳ್ತಿದ್ದೀಯಲ್ಲ, ತಲೆ ಕೆಟ್ಟಿದೆಯಾ ನಿಂಗೆ? ಯಾರ ಕಣ್ಣಾದ್ರೂ ಹೋದ್ರೆ?"

ಅವನು ಎದ್ದು ನನ್ನನ್ನ ಕ್ಯಾನುಗಳ ಹತ್ತಿರ ಕರ್ಕೊಂಡು ಹೋದ. ಜೇಬಿಂದ ಸಕ್ಕರೆ ಪೊಟ್ಟಣ ತೆಗೆದು ಒಂದು ಹಳೇ ಪಿಂಗಾಣಿ ಬಸಿಯಲ್ಲಿ ಚಿಟಿಕೆ ಹಾಕಿದ, ಒಂದು ಕ್ಯಾನಿಂದ ಗಾಜಿನ ಕಡ್ಡಿಯಲ್ಲಿ ಎರಡು ಹನಿ ಬಿಟ್ಟ. ಸಕ್ಕರೆ ಹಳದಿಯಾಯ್ತು, ಕಂದಾಯ್ತು, ನೋಡ್ತಾ ನೋಡ್ತಾ ಕಪ್ಪಗೆ ಉಬ್ಬಿತು. "ಇದು ಸಲ್ಫ್ಯೂರಿಕ್ರಿ" ಅಂದ. ಇನ್ನೊಂದು ಕ್ಯಾನಿನ ಹನಿಗೆ ಸಕ್ಕರೆ ಬರೀ ಒದ್ದೆಯಾಯ್ತು. ಅದಕ್ಕೆ ತಾಮ್ರದ ತಂತಿ ತುಂಡು ಅದ್ದಿದ, ಕೆಂಪಗೆ ಹೊಗೆ ಎದ್ದಿತು, ಅದು ನೈಟ್ರಿಕ್. ಎರಡಕ್ಕೂ ಏನೂ ಆಗದಿದ್ದದ್ದು ಹೈಡ್ರೋ. ಮೊದಲು ಕದ್ದು ಹೀಗೆ ನೋಡ್ಕೊಂಡು, ಆಮೇಲೆ ಎಲ್ಲರೆದುರು ಮೂಸೋ ನಾಟಕ.

"ಇದನ್ನ ಯಾರು ಹೇಳ್ಕೊಟ್ರು?"

"ಯಾರಿಲ್ರಿ. ಟೀ ಲೋಟದ ತಳದಾಗ ಸಕ್ಕರಿ ಉಳದಿತ್ತು, ಒಂದು ಹನಿ ಬಿದ್ದು ಕರ್ರಗಾತು. ಮೂಗು ಹೋದ ಮ್ಯಾಲ ಅದ ನೆನಪಾತು."

ನಾನು ಡಿಗ್ರಿ ಓದಿ ಕಲಿತಿದ್ದನ್ನ ಇವನು ಟೀ ಲೋಟದಲ್ಲಿ ಕಲಿತಿದ್ದ. ನಿಜ ಹೇಳ್ತೀನಿ, ಹೊಟ್ಟೆ ಉರೀತು. ಆದರೂ ಸಾರ್‌ಗೆ ಹೇಳ್ಬಿಡು ಅಂದೆ. ಅವನು ಕೈ ಮುಗಿದ. "ಮೂಗಿಲ್ಲ ಅಂದ್ರ ನನ್ನ ಆಸಿಡ್ ಕಡೆ ನಿಲ್ಲಿಸ್ತಾರೇನ್ರಿ? ಅದು ಬಿಟ್ರ ನನಗ ಬ್ಯಾರೆ ಏನೂ ಬರಂಗಿಲ್ಲ. ಈ ವಯಸ್ಸಿನಾಗ ಯಾವ ಗೇಟಿನ ಮುಂದ ನಿಂದ್ರಲಿ ಅಕ್ಕಾರ?"

ಬಾಯಿ ಮುಚ್ಕೊಂಡೆ. ಪರೀಕ್ಷೆ ಸರಿಯಾಗೇ ಇದೆಯಲ್ಲ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಮಾರ್ಕರ್ ತಗೊಂಡು ಪ್ರತಿ ಕ್ಯಾನಿನ ಮೇಲೂ ದೊಡ್ಡದಾಗಿ ಹೆಸರು ಬರೆದೆ. ದೊಡ್ಡ ಬುದ್ಧಿವಂತೆ ನಾನು.

ಆಯುಧಪೂಜೆ ಬಂತು. ಮುರಿಗೆಪ್ಪಣ್ಣ ಊರಿಗೆ ಹೋದ, ನಾನು ಮನೇಲಿ ಹೋಳಿಗೆ ತಟ್ತಾ ಕೂತೆ. ಶೆಡ್ಡಲ್ಲಿ ಉಳಿದವರು ಭಕ್ತಿಯಿಂದ ಎಲ್ಲಾ ತೊಳೆದ್ರು. ತೊಟ್ಟಿ ಖಾಲಿ ಮಾಡಿ ಉಜ್ಜಿದ್ರು, ಮೋಟಾರ್ ಒರೆಸಿದ್ರು. ಕ್ಯಾನುಗಳೂ ಗಲೀಜಾಗಿವೆ ಅಂತ ಥಿನ್ನರ್ ಹಾಕಿ ಫಳಫಳ ಮಾಡಿದ್ರು. ನಾನು ಹೆಸರು ಬರೆದಿದ್ದ ಜಾಗದಲ್ಲಿ ಮೂರು ಎಳೆ ವಿಭೂತಿ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ. ಆಮೇಲೆ ಚೆನ್ನಾಗಿ ಕಾಣಲಿ ಅಂತ ಎಲ್ಲಾ ಕ್ಯಾನನ್ನೂ ಒಂದೇ ಸಾಲಾಗಿ ಜೋಡಿಸಿಟ್ಟಿದ್ರು ಬೇರೆ.

ಕೆಲಸ ಶುರುವಾದ ದಿನವೇ ದೊಡ್ಡನೆಕ್ಕುಂದಿಯ ಒಂದು ದೊಡ್ಡ ಕಂಪನಿಯಿಂದ ಶಾಂಭವಿ ಮೇಡಂ ಅಂತ ಇಂಜಿನಿಯರ್ ಬಂದ್ರು. ಅವರು ಒಪ್ಪಿದ್ರೆ ನಮಗೆ ವರ್ಷದ ಆರ್ಡರ್. ತುಕ್ಕು ಬಿಡಿಸೋ ತೊಟ್ಟಿ ಇನ್ನೂ ಖಾಲಿ ಇತ್ತು. ಹನುಮವ್ವ ನೀರಿನ ಪೈಪ್ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಲಿಂಗಸುಗೂರಿನ ಹೆಂಗಸು, ತೊಟ್ಟಿ ತುಂಬೋ ಕೆಲಸ ಅವಳದ್ದು. ಕಾಲಲ್ಲಿ ಹವಾಯಿ ಚಪ್ಪಲಿ, ಕಣ್ಣಿಗೆ ಕನ್ನಡಕ ಇಲ್ಲ. ನಮ್ಮಲ್ಲೊಂದು ಕೆಟ್ಟ ಅಭ್ಯಾಸ, ಹೈಡ್ರೋ ತಾನೇ ಅಂತ ಮೊದಲು ಕ್ಯಾನ್ ಬಗ್ಗಿಸಿ ಮೇಲಿಂದ ಪೈಪ್ ಬಿಡೋದು. ಹೈಡ್ರೋ ಆದರೆ ಹೊಗೆ ಬಂದು ಸುಮ್ಮನಾಗುತ್ತೆ. ಸಲ್ಫ್ಯೂರಿಕ್ ಆದ್ರೆ ಅವಳ ಮುಖ ಉಳಿಯಲ್ಲ.

ಅಂಬರೀಶ್ ಸಾರ್ ಒಂದು ಅರ್ಧ ಕ್ಯಾನ್ ಎಳೆಸಿದ್ರು. "ಮೇಡಂ, ಈಗ ನೋಡಿ, ನಮ್ಮ ಮುರಿಗೆಪ್ಪನ ಮೂಗು. ಏಯ್ ಮುರಿಗೆಪ್ಪ, ಮೂಸಿ ಹೇಳಪ್ಪ."

ಅವನು ಬೆಳಿಗ್ಗೆ ತಾನೇ ಬಸ್ ಇಳಿದು ಬಂದಿದ್ದ. ಯಾವ ಕ್ಯಾನ್ ಯಾವುದು ಅಂತ ನೋಡ್ಕೊಳ್ಳೋಕೆ ಹೊತ್ತೇ ಸಿಕ್ಕಿರಲಿಲ್ಲ. ವಿಭೂತಿ ನೋಡಿದ. ಬಗ್ಗಿದ, ಮುಚ್ಚಳ ಸಡಿಲಿಸಿದ, ಕೈಯಲ್ಲಿ ಗಾಳಿ ಎಳೆದ.

"ಹೈಡ್ರೋ ಅಲ್ವಾ?" ಅಂದ್ರು ಸಾರ್.

ಅವನು ಹೂಂ ಅಂದಿದ್ರೆ ಸಾಕಿತ್ತು, ಗುಟ್ಟು ಉಳೀತಿತ್ತು. ನಾನು ಹತ್ತಡಿ ದೂರದಲ್ಲಿ ಪೆನ್ನು ಹಿಡಿದು ನಿಂತಿದ್ದೆ. ತಡೀರಿ, ಲ್ಯಾಬಲ್ಲಿ ನೋಡ್ತೀನಿ ಅಂತ ಒಂದು ಮಾತು ಹೇಳಬಹುದಿತ್ತು. ಬಾಯಿ ಬರಲಿಲ್ಲ. ಗೊತ್ತಿದ್ದೂ ಮುಚ್ಚಿಟ್ಟವಳು ನಾನೂ ಅಂತ ಬಯಲಾಗುತ್ತಲ್ಲ, ಆ ಭಯ. ಇವತ್ತಿಗೂ ನೆನೆಸ್ಕೊಂಡ್ರೆ ನನ್ನ ಮೇಲೆ ನನಗೇ ಅಸಹ್ಯ ಆಗುತ್ತೆ.

ಹನುಮವ್ವ ನಲ್ಲಿ ತಿರುಗಿಸೋಕೆ ಕೈ ಹಾಕಿದಳು. ಮುರಿಗೆಪ್ಪಣ್ಣ ಅವಳ ಕಡೆ ನೋಡಿದ.

"ಹನುಮವ್ವ, ಪೈಪ್ ಕೆಳಗ ಇಡು" ಅಂದ. ಆಮೇಲೆ ಸಾರ್ ಕಡೆ ತಿರುಗಿದ. "ನನಗ ವಾಸನಿ ಬರಂಗಿಲ್ರಿ. ಎಂಟು ತಿಂಗ್ಳಾತು."

ಅವನು ಜೇಬಿಂದ ಪೊಟ್ಟಣ ತೆಗೆದ, ಬಸಿ ತಂದ, ಸಕ್ಕರೆ ಹಾಕಿ ಎರಡು ಹನಿ ಬಿಟ್ಟ. ಹಳದಿ. ಕಂದು. ಕಪ್ಪು. ಬಸಿಯಲ್ಲಿ ಉಬ್ಬಿ ನಿಂತ ಇದ್ದಿಲನ್ನ ಹನುಮವ್ವ ಬಗ್ಗಿ ನೋಡಿದಳು, ತನ್ನ ಕೆನ್ನೆ ಒಂದ್ಸಲ ಮುಟ್ಕೊಂಡಳು.

ಶಾಂಭವಿ ಮೇಡಂ ಏನೇನೋ ಬರ್ಕೊಂಡು ಹೋದ್ರು. ಮೂರು ಬಣ್ಣದ ಮುಚ್ಚಳ, ಗೋಡೆ ಮೇಲೆ ಬೋರ್ಡು, ಎಲ್ಲರಿಗೂ ಕನ್ನಡಕ, ಇವಿಷ್ಟು ಆದ್ರೆ ಆರ್ಡರ್ ಅಂದ್ರು. ಅಂಬರೀಶ್ ಸಾರ್ ಒಂದೇ ವಾರದಲ್ಲಿ ಎಲ್ಲಾ ಮಾಡಿಸಿದ್ರು. ಮುಚ್ಚಳಕ್ಕೆ ಬಣ್ಣ ಬಂದ ಮೇಲೆ ಆಸಿಡ್ಡಿಗೆ ಮುರಿಗೆಪ್ಪನೇ ಬೇಕು ಅಂತ ಏನಿಲ್ಲವಲ್ಲ. ಅವನನ್ನ ಪ್ಯಾಕಿಂಗಿಗೆ ಹಾಕಿದ್ರು, ಬೋಲ್ಟು ಚೀಲಕ್ಕೆ ತುಂಬಿ ಬಾಯಿ ಹೊಲಿಯೋ ಕೆಲಸ. ನಾನು ಸಾರ್ ಹತ್ರ ಹೋಗಿ ನನಗೂ ಗೊತ್ತಿತ್ತು ಅಂತ ಹೇಳಿದೆ. ಚೆನ್ನಾಗಿ ಬೈಸ್ಕೊಂಡೆ. ಅದರಿಂದ ಅವನ ಕೆಲಸವೇನೂ ವಾಪಸ್ ಬರಲಿಲ್ಲ.

ಅವನು ಯಾರನ್ನೂ ದೂರಲಿಲ್ಲ. ಮೊದಲ ವಾರವೆಲ್ಲಾ ಯಾರ ಜೊತೆಗೂ ಮಾತಿಲ್ಲ, ಚೀಲದ ರಾಶಿ ಹಿಂದೆ ಒಬ್ಬನೇ ಕೂತು ಉಣ್ಣೋನು. ಎರಡನೇ ವಾರ ಹನುಮವ್ವ ತನ್ನ ಡಬ್ಬಿ ಎತ್ಕೊಂಡು ಅಲ್ಲಿಗೇ ಹೋದಳು. ಅವನ ಡಬ್ಬಿ ಕಿತ್ಕೊಂಡು, ಮುಚ್ಚಳ ತೆಗೆದು, ಮೂಗಿಗೆ ಹಿಡಿದು ನೋಡಿದಳು. "ಛಲೋ ಐತಿ, ಉಣ್ಣಣ್ಣ" ಅಂತ ವಾಪಸ್ ಕೊಟ್ಟಳು. ಅವತ್ತಿಂದ ಅವಳು ಮೂಸಿ ಕೊಡೋ ತನಕ ಅವನು ತುತ್ತು ಎತ್ತಲ್ಲ.

ಮೊನ್ನೆ ಅವಳು ಮೂಸಿದವಳೇ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟಳು. ತನ್ನ ರೊಟ್ಟಿ ಮುರಿದು ಅರ್ಧ ಅವನ ಮುಂದಿಟ್ಟಳು. ಯಾಕೆ ಅಂತ ಅವನು ಕೇಳಲಿಲ್ಲ.