ಗಾಜಿನ ಆಚೆ ಓದುವವರು

ನಮ್ಮ ಅತ್ತಿಗೆ ಹೆಸರುಗಳನ್ನು ಕೊನೆಯ ಅಕ್ಷರದಿಂದ ಬರೆಯಲು ಶುರುಮಾಡಿ ಮೊದಲ ಅಕ್ಷರಕ್ಕೆ ಬರುತ್ತಿದ್ದರು. ಕೆಲಸವೇ ಅಂಥದ್ದು. ನಮ್ಮಣ್ಣನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಫೋಟೋದ ಕೆಳಗೆ ಉದ್ದನೆಯ ಗಾಜಿನ ಪಟ್ಟಿ ಕೂರಿಸಿ, ಅದರಲ್ಲಿ ಹೆಸರು ಬರೆಸಿಕೊಡುವುದು ಆ ಅಂಗಡಿಯ ಹೆಚ್ಚುಗಾರಿಕೆ. ಗಾಜಿನ ಮುಂದೆ ಬರೆದರೆ ಧೂಳು ಒರೆಸಿ ಒರೆಸಿ ಅಕ್ಷರ ಎದ್ದುಹೋಗುತ್ತದೆ. ಅದಕ್ಕೇ ಬೆನ್ನಿಗೆ ಬರೆಯಬೇಕು. ಬೆನ್ನಿಗೆ ಬರೆದರೆ ಎಲ್ಲ ತಿರುಗುಮುರುಗು. ಕೈ ತಾಗಿ ಹಸಿ ಬಣ್ಣ ಕದಡಬಾರದೆಂದರೆ ಹೆಸರಿನ ಬಾಲದಿಂದಲೇ ಹೊರಡಬೇಕು.

ಅತ್ತಿಗೆ ಪಟ್ಟಿಯನ್ನು ಮರದ ಸ್ಟ್ಯಾಂಡಿಗೆ ಸಿಕ್ಕಿಸಿ ಬಾಗಿಲ ಬೆಳಕಿಗೆ ಎದುರಾಗಿ ನಿಲ್ಲಿಸುತ್ತಿದ್ದರು. ತಾವು ಈಚೆ, ಅಂಗಡಿಗೆ ಬಂದವರು ಆಚೆ, ನಡುವೆ ಗಾಜು. ನಾನು ಪಕ್ಕದಲ್ಲಿ ಕೂತು ರಟ್ಟು ಕತ್ತರಿಸುವುದು, ಮುಗಿದ ಪಟ್ಟಿಯ ಮುಂಭಾಗ ಒರೆಸುವುದು ಮಾಡುತ್ತಿದ್ದೆ. ಮದುವೆಯಾಗಿ ಬಂದಾಗ ಅತ್ತಿಗೆಗೆ ಇಂಗ್ಲಿಷಿನ ಗಂಧವೂ ಇರಲಿಲ್ಲ, ನನಗೆ ಈಗಲೂ ಇಲ್ಲ. ಆದರೆ ಇಂಗ್ಲಿಷಿನಲ್ಲಿ ಬರೆಸಿದರೆ ಗೌರವ ಎಂದು ಜನ ಚೀಟಿ ತರುತ್ತಿದ್ದರು. ಅತ್ತಿಗೆ ಅದನ್ನು ಕನ್ನಡಿಗೆ ಹಿಡಿದು, ಆಕಾರ ನೋಡಿಕೊಂಡು ಬರೆಯುತ್ತಿದ್ದರು.

ಬಹಳಷ್ಟು ಚೀಟಿಗಳಲ್ಲಿ ಹೆಸರಿನ ಮುಂದೆ ಇಂಗ್ಲಿಷಿನ ನಾಲ್ಕು ದೊಡ್ಡಕ್ಷರದ ಅದೇ ಪುಟ್ಟ ಮಾತು ಇರುತ್ತಿತ್ತು. ಲೇಟ್. ದೊಡ್ಡ ಮನುಷ್ಯರಿಗೆ ಕೊಡುವ ಬಿರುದಿರಬೇಕು ಅಂದುಕೊಂಡಿದ್ದೆವು. ನೆಟ್ಟಗೆ ಓಡಾಡಿಕೊಂಡಿದ್ದ ಗಡಿಯಾರ ರಿಪೇರಿಯವರೊಬ್ಬರು ಫೋಟೋ ತಂದಾಗ, ಪಾಪ ಇವರಿಗೂ ಇರಲಿ ಎಂದು ಅತ್ತಿಗೆ ಅದನ್ನು ಸೇರಿಸಿಯೇಬಿಟ್ಟರು. ಅವರು ನೋಡಿ ಬೆಂಚಿನ ಮೇಲೆ ಕುಸಿದರು. ಆಮೇಲೆ ನಕ್ಕು, "ಇಷ್ಟು ಅವಸರ ಯಾಕಮ್ಮಾ, ನಾನೇ ಹೇಳಿ ಕಳಿಸ್ತಿದ್ದೆ" ಅಂದರು.

ಅರ್ಥ ಬಿಡಿಸಿ ಹೇಳಿದ್ದು ಪಕ್ಕದ ಬೀದಿಯ ಟೀಚರಮ್ಮ. "ತೀರಿಕೊಂಡವರ ಹೆಸರಿನ ಮುಂದೆ ಮಾತ್ರ ಹಾಕಬೇಕು. ಅದೂ ತೀರಿಕೊಂಡು ತುಂಬಾ ಕಾಲ ಆಗಿರಬಾರದು. ಹಳೇ ಕಾಲದ ರಾಜರಿಗೆಲ್ಲ ಯಾರೂ ಹಾಕಲ್ಲ."

"ಎಷ್ಟು ದಿನಕ್ಕೆ ಉದುರಿಹೋಗುತ್ತೆ ಟೀಚರಮ್ಮ?" ಅಂದರು ಅತ್ತಿಗೆ.

"ಅದಕ್ಕೆ ಲೆಕ್ಕ ಇಲ್ಲ. ಅವರನ್ನ ಕಂಡವರು ಇರೋ ತನಕ ಅಂತಿಟ್ಕೊಳ್ಳಿ."

"ಅದಕ್ಕೇನಾ ತೀರಿಕೊಂಡವರನ್ನ ಜನ ಲೇಟಾದ್ರು ಅನ್ನೋದು?"

"ಅದು ತಪ್ಪು. ಹಾಗಂದ್ರೆ ಬರೋದು ತಡವಾಯ್ತು ಅಂತಷ್ಟೇ. ಹೆಸರಿಗೆ ಅಂಟಿಕೊಂಡು ಮುಂದೆ ಬಂದ್ರೇನೇ ಈ ಅರ್ಥ."

ಅತ್ತಿಗೆ ಆಮೇಲೆ ಆ ಮಾತನ್ನು ಬರೆಯುವ ರೀತಿಯೇ ಬದಲಾಯಿತು. ಹೆಸರು ಪೂರ್ತಿ ಬರೆದು, ಕುಂಚ ತೊಳೆದು, ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದರು. ಆಮೇಲೆ ಒಂದೊಂದೇ ಅಕ್ಷರ. ಯಾಕೆ ಕಾಯುತ್ತೀರಿ ಎಂದು ನಾನು ಕೇಳಿದೆ.

"ಆಚೆ ಬಂದು ಓದ್ತಾರೆ ಕಣೇ," ಅಂದರು, ಹಾಲು ಉಕ್ಕಿತು ಅನ್ನುವಷ್ಟೇ ಸಾಮಾನ್ಯವಾಗಿ. "ಈ ಮಾತು ಬರೆಯೋವಾಗ ಮಾತ್ರ."

"ಗಿರಾಕಿಗಳಿರಬೇಕು."

"ಗಿರಾಕಿ ನಿಂತ್ರೆ ಬೆಳಕು ಮರೆಯಾಗುತ್ತೆ. ಇವರು ನಿಂತ್ರೆ ಆಗಲ್ಲ."

ನಾನು ನಗಬೇಕೆಂದಿದ್ದೆ, ನಗು ಬರಲಿಲ್ಲ. ಯಾಕೆಂದರೆ ಪಟ್ಟಿಗಳ ಮುಂಭಾಗ ಒರೆಸುವವಳು ನಾನೇ. ಆ ಮಾತಿನ ಎದುರಿಗೆ ಅಂಗೈಯಗಲ ಮಂಜು ಕಟ್ಟಿರುತ್ತಿತ್ತು, ಯಾರೋ ಮೂಗು ತಾಗುವಷ್ಟು ಹತ್ತಿರ ಬಂದು ಉಸಿರಾಡಿದ ಹಾಗೆ. ಬೇಸಿಗೆಯಲ್ಲೂ. ಅಂಗಡಿ ಖಾಲಿ ಇದ್ದಾಗಲೂ. ಬಣ್ಣದ ಹಸಿ ಎಂದು ನನಗೆ ನಾನೇ ಹೇಳಿಕೊಂಡು ಒರೆಸಿಬಿಡುತ್ತಿದ್ದೆ. ಅಣ್ಣನಿಗೆ ಹೇಳಿದರೆ, "ನಿಮ್ಮತ್ತಿಗೆಗೆ ಬದುಕಿರೋ ಗಿರಾಕಿಗಳ ಹತ್ರ ಮಾತಾಡೋಕೆ ಸೋಮಾರಿತನ, ಅಷ್ಟೇ" ಅಂದ.

ಹೀಗಿರುವಾಗ ನಮ್ಮ ತಮ್ಮ ಕಾಣೆಯಾದ. ಹೊಳೆಯ ಈ ದಡದಿಂದ ಆ ದಡಕ್ಕೆ ಸಾಮಾನು ಸಾಗಿಸುವ ಇಂಜಿನ್ ದೋಣಿ ಅವನದು. ದೋಣಿ ಆಚೆ ದಡದಲ್ಲಿ ನೆಟ್ಟಗೆ ಕಟ್ಟಿ ನಿಂತಿತ್ತು. ಊಟದ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ಅವನೊಬ್ಬ ಇರಲಿಲ್ಲ. ಹೊಳೆಯಲ್ಲಿ ಹುಡುಕಿದರು, ಊರೂರಲ್ಲಿ ವಿಚಾರಿಸಿದರು. ಮಳೆಗಾಲ ಕಳೆಯಿತು, ಮತ್ತೊಂದು ಮಳೆಗಾಲವೂ ಬಂತು.

ಅವನ ಹೆಂಡತಿ ಒಂದು ಮಧ್ಯಾಹ್ನ ಫೋಟೋ ಹಿಡಿದು ಅಂಗಡಿಗೆ ಬಂದಳು. ನೆಟ್ಟಗೆ ಅತ್ತಿಗೆಯ ಮುಂದಿಟ್ಟಳು.

"ಅಕ್ಕ, ಇದಕ್ಕೆ ಕಟ್ಟು ಹಾಕಿಕೊಡಿ. ಹೆಸರಿನ ಮುಂದೆ ಆ ಮಾತೂ ಹಾಕಿ."

ಅಣ್ಣ ಸುತ್ತಿಗೆ ಕೆಳಗಿಟ್ಟ.

"ದಿನಾ ಬಾಗಿಲಿಗೆ ಅಗಳಿ ಹಾಕೋಕೆ ಕೈ ಬರಲ್ಲ ಅಕ್ಕ. ತಟ್ಟೆ ಹಾಕ್ತೀನಿ, ಎತ್ತಿಡ್ತೀನಿ. ನೀರು ತರೋಕೆ ಹೋದ್ರೂ ಓಡೋಡಿ ಬರ್ತೀನಿ, ಆ ಹೊತ್ತಿಗೇ ಬಂದುಬಿಟ್ರೆ ಅಂತ. ನನ್ನ ಕೈಲಿ ಇನ್ನಾಗಲ್ಲ. ಇದ್ದಾರೆ ಅಂತಾದ್ರೂ ಹೇಳಿ, ಇಲ್ಲ ಅಂತಾದ್ರೂ ಬರೀರಿ."

ಅತ್ತಿಗೆ ಪಟ್ಟಿ ತೆಗೆದುಕೊಂಡರು. ಹೆಸರು ಬರೆದರು. ಮೈದುನನ ಹೆಸರು, ತಾವೇ ಎತ್ತಿ ಆಡಿಸಿದವನ ಹೆಸರು. ಕುಂಚ ತೊಳೆದು ಕೂತರು. ಆಮೇಲೆ ಆ ಮಾತಿನ ಕೊನೆಯ ಅಕ್ಷರ ಬರೆದರು. ನಡುವಿನ ಎರಡು ಬರೆದರು. ಆ ಎರಡಕ್ಕೆ ಹಿಂದು ಮುಂದಿಲ್ಲ, ಎರಡು ಕಡೆಯಿಂದಲೂ ಒಂದೇ ಥರ ಕಾಣುತ್ತವೆ. ಮೊದಲ ಅಕ್ಷರಕ್ಕೆ ಕೈಯೆತ್ತಿ ಗಾಜಿನಾಚೆ ನೋಡಿದರು. ಹಾಗೇ ಕೈ ಇಳಿಸಿಬಿಟ್ಟರು.

"ಯಾರೂ ಬಂದಿಲ್ಲ," ಅಂದರು.

"ಯಾರು ಬರಬೇಕಿತ್ತು?" ಎಂದಳು ತಮ್ಮನ ಹೆಂಡತಿ.

ತೀರಿಕೊಂಡವರು ತಮ್ಮ ಹೆಸರು ಓದಲು ಬರುತ್ತಾರೆಂದು ಅತ್ತಿಗೆ ಹೇಳಿದರು, ಬಚ್ಚಿಡಲಿಲ್ಲ. ಇವಳು ಕಿರುಚಾಡುತ್ತಾಳೆಂದು ನಾನು ಹೆದರಿದ್ದೆ. ಇವಳು ಗಾಜಿನ ಮುಂಭಾಗಕ್ಕೆ ಬೆರಳಿಟ್ಟು ನೋಡಿದಳು. ಒಣಗಿತ್ತು.

"ಹಾಗಾದ್ರೆ ಇದ್ದಾರಾ?"

"ಅದು ನಂಗೆ ಗೊತ್ತಾಗಲ್ಲಮ್ಮ. ಓದೋಕೆ ಬಂದಿಲ್ಲ ಅಂತಷ್ಟೇ ಗೊತ್ತು."

"ಅವರಿಗೆ ದಾರಿ ಗೊತ್ತಿಲ್ಲವೇನೋ," ಅಂದಳು. "ನಾನಿಲ್ಲಿ ಕೂರ್ತೀನಿ. ನಾನಿದ್ದ ಕಡೆ ಬರ್ತಾರೆ."

ಅಣ್ಣ ಬೈದ. "ನೀನೊಬ್ಬಳು ಹುಚ್ಚಿ, ಅವಳೊಬ್ಬಳು ಹುಚ್ಚಿ, ಅಂಗಡಿ ಅಂದ್ರೆ ಆಸ್ಪತ್ರೆ ಅಂದ್ಕೊಂಡ್ರಾ" ಎಂದ. ಬೈದರೂ ಅವಳನ್ನು ಎಬ್ಬಿಸಲಿಲ್ಲ. ಒಡಹುಟ್ಟಿದವನಲ್ಲವೇ, ಅವನಿಗೂ ತಿಳಿಯಬೇಕಿತ್ತು.

ಅಂದಿನಿಂದ ಮಧ್ಯಾಹ್ನ ಮನೆಗೆಲಸ ಮುಗಿಸಿ ಬಂದು, ಅವಳು ಗಾಜಿನೆದುರಿನ ಬೆಂಚಿನ ನಡುಮಧ್ಯೆ ಕೂರುತ್ತಿದ್ದಳು. ಅತ್ತಿಗೆ ಅದೇ ಪಟ್ಟಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕುಂಚಕ್ಕೆ ಬಣ್ಣ ಹಚ್ಚಿ ಕಾಯುತ್ತಿದ್ದರು. ಬಣ್ಣ ಕುಂಚದಲ್ಲೇ ಒಣಗುತ್ತಿತ್ತು. ಇಬ್ಬರೂ ಗಾಜಿನ ಆ ಕಡೆ ಈ ಕಡೆ, ಸೊಪ್ಪಿನ ಬೆಲೆಯನ್ನೋ ಸೋರುವ ನಲ್ಲಿಯನ್ನೋ ಮಾತಾಡಿಕೊಳ್ಳುತ್ತಿದ್ದರು. ನಾನು ರಟ್ಟು ಕತ್ತರಿಸುತ್ತ ಕೇಳಿಸಿಕೊಳ್ಳುತ್ತಿದ್ದೆ. ಬರದಿದ್ದರೇ ಒಳ್ಳೆಯದು ಅನಿಸುತ್ತಿತ್ತು, ಅವಳ ಮುಖ ನೋಡಿದರೆ ಬಂದುಬಿಡಲಿ ಅನಿಸುತ್ತಿತ್ತು.

ಅವತ್ತು ಒಳ್ಳೆ ಬಿಸಿಲು. ಅವಳು ಕುಕ್ಕರಿನ ರಬ್ಬರ್ ಬಗ್ಗೆ ಏನೋ ಹೇಳುತ್ತಿದ್ದಳು. ಹೊಸ ರಬ್ಬರ್ ಹಾಕಿದರೂ ಸೀಟಿ ಕೂಗುವುದಿಲ್ಲ ಅಂತ. ಮಾತಿನ ಮಧ್ಯೆ, ಮಾತು ನಿಲ್ಲಿಸದೆ, ಸೆರಗು ಸರಿಮಾಡಿಕೊಂಡು ಬೆಂಚಿನ ಅಂಚಿಗೆ ಸರಿದು ಕೂತಳು. ಬಸ್ಸಿನಲ್ಲಿ ಪಕ್ಕಕ್ಕೆ ಯಾರಾದರೂ ಬಂದರೆ ನಾವು ಸರಿಯುತ್ತೇವಲ್ಲ, ಹಾಗೆ. ಸರಿದದ್ದು ಅವಳಿಗೇ ಗೊತ್ತಾದ ಹಾಗಿರಲಿಲ್ಲ.

ನನ್ನ ಕತ್ತರಿ ನಿಂತಿತು. ಅತ್ತಿಗೆಯ ಕಡೆ ನೋಡಿದೆ. ಅವರ ಕಣ್ಣು ಗಾಜಿನಾಚೆ, ಅವಳ ಮೇಲಲ್ಲ, ಖಾಲಿಯಾದ ಜಾಗದ ಮೇಲಿತ್ತು. ಗಾಜಿನ ಮುಂಭಾಗ ನಿಧಾನಕ್ಕೆ ಮಂಜಾಯಿತು. ಅವಳು ಕೂತಿದ್ದು ದೂರದಲ್ಲಿ. ಅಷ್ಟು ದೂರಕ್ಕೆ ಯಾರ ಉಸಿರೂ ಬರುವುದಿಲ್ಲ.

ಅತ್ತಿಗೆ ಕುಂಚ ಎತ್ತಿ ಮೊದಲ ಅಕ್ಷರವನ್ನು ತಿರುಗಿಸಿ ಬರೆದರು. ಒಂದು ನೆಟ್ಟನೆ ಗೆರೆ, ಒಂದು ಅಡ್ಡ ಗೆರೆ.

ತಮ್ಮನ ಹೆಂಡತಿಯ ಮಾತು ನಿಂತುಹೋಯಿತು. ಅತ್ತಿಗೆ ಕುಂಚವನ್ನು ಬಟ್ಟೆಗೆ ಒರೆಸುವುದನ್ನು ನೋಡಿದಳು. ಆಮೇಲೆ ತನ್ನ ಪಕ್ಕದ ಖಾಲಿ ಬೆಂಚು ನೋಡಿದಳು.

"ಓದಿದ್ರಾ?" ಎಂದು ಮೆಲ್ಲಗೆ ಕೇಳಿದಳು.

"ಓದಿದ," ಅಂದರು ಅತ್ತಿಗೆ.

"ಬೇಜಾರು ಮಾಡ್ಕೊಂಡ್ರಾ?"

"ಇಲ್ಲಮ್ಮ. ಹಸಿದಿರೋನ ಥರ ಇದ್ದ, ಅಷ್ಟೇ."

ಅವಳು ತಲೆಯಾಡಿಸಿದಳು. ಅಳಲಿಲ್ಲ. ಮಂಜು ಒರೆಸಲು ನಾನು ಬಟ್ಟೆ ತೆಗೆದುಕೊಂಡು ಎದ್ದೆ, ಅತ್ತಿಗೆ ಬೇಡವೆಂದು ಕಣ್ಣಲ್ಲೇ ತಡೆದರು. ಬೆಂಚಿನ ತುಂಬ ಜಾಗವಿತ್ತು. ಬಣ್ಣ ಒಣಗುವ ತನಕವೂ ಅವಳು ಆ ಅಂಚಿನಲ್ಲೇ, ಒತ್ತಿಕೊಂಡು ಕೂತಿದ್ದಳು.