ಹುಳದ ಹೊಟ್ಟೆಯಡಿಯ ಕೊಂಡಿ

ನನ್ನ ಕ್ಯಾಮೆರಾ ಡಬ್ಬಿಯ ತಳದಲ್ಲಿ ಒಂದು ಕಪ್ಪು ಭೂತಗನ್ನಡಿ ಇದೆ. ವಾಚ್ ರಿಪೇರಿ ಮಾಡುವವರು ಒಂದು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅದು. ಮೊನ್ನೆ ಭಾನುವಾರ ಬೆಳಿಗ್ಗೆ ಗಾಜು ಒರೆಸುವ ಬಟ್ಟೆ ಹುಡುಕುತ್ತಾ ಅದನ್ನು ಎತ್ತಿದಾಗ ಪೆಟ್ರೋಲಿನ ವಾಸನೆ ಬಂತು. ಇಷ್ಟು ವರ್ಷವಾದರೂ ಹೋಗಿಲ್ಲ. ಅಥವಾ ಎಂದೋ ಹೋಗಿದೆ, ನನ್ನ ಮೂಗೇ ಹಿಡಿದಿಟ್ಟುಕೊಂಡಿದೆಯೋ ಏನೋ...

ಅದು ಶಿಕಾರಿಪುರದ ವಾಚ್ ರಿಪೇರಿಯವರೊಬ್ಬರದು. ಅವರು ಒಳಗೆ ಕೂತರೆ ಗಿರಾಕಿ ಹೊರಗೇ ನಿಲ್ಲಬೇಕು, ಅಷ್ಟು ಸಣ್ಣ ಅಂಗಡಿ. ಮೇಜಿನ ಮೇಲೊಂದು ಬಟ್ಟಲು ಪೆಟ್ರೋಲ್, ಅದರಲ್ಲಿ ಮುಳುಗಿದ ಹಲ್ಲಿನ ಚಕ್ರಗಳು. ನಾನು ಸೊರಬದ ಕಚೇರಿಯೊಂದರಲ್ಲಿ ಪಹಣಿ ತಿದ್ದುಪಡಿಯ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸುವವಳು, ತವರು ಶಿಕಾರಿಪುರ. ಆಗ ನನಗೆ ಸಣ್ಣ ಹುಳಗಳ ಫೋಟೋ ತೆಗೆಯುವ ಹುಚ್ಚು ಹೊಸದಾಗಿ ಹಿಡಿದಿತ್ತು. ಗುಡವಿ ಪಕ್ಷಿಧಾಮಕ್ಕೆ ಹೋದರೆ ಎಲ್ಲರೂ ಮೊಳದುದ್ದದ ಲೆನ್ಸನ್ನು ಹಕ್ಕಿಗಳ ಕಡೆ ಹಿಡಿದಿರುತ್ತಿದ್ದರು. ನಾನೊಬ್ಬಳು ಕೆರೆದಂಡೆಯಲ್ಲಿ ಮಂಡಿಯೂರಿ ಕೊಳೆತ ಎಲೆ ನೋಡುತ್ತಿದ್ದೆ. ಕಿವಿಯೋಲೆ ಬಿತ್ತಾ ಎಂದು ಕೇಳಿ ಜೊತೆಗೆ ಹುಡುಕಲು ಬಗ್ಗಿದವರೂ ಇದ್ದಾರೆ.

ನಾನು ಹುಡುಕುತ್ತಿದ್ದದ್ದು ಸ್ಪ್ರಿಂಗ್‌ಟೇಲ್. ಎಳ್ಳಿಗಿಂತ ಸಣ್ಣ ಹುಳ, ನಮ್ಮ ಕಡೆ ಯಾರೂ ಅದಕ್ಕೊಂದು ಹೆಸರಿಟ್ಟಿದ್ದು ಕೇಳಿಲ್ಲ. ಹೊಟ್ಟೆಯ ಕೆಳಗೆ ಕವೆಯಂಥ ಬಾಲವನ್ನು ಮಡಚಿಟ್ಟುಕೊಂಡಿರುತ್ತದೆ. ಬೆರಳು ಹತ್ತಿರ ಹೋದರೆ ಬಾಲವನ್ನು ನೆಲಕ್ಕೆ ಬಡಿದು ಚಿಮ್ಮಿ ಮಾಯ. ನನ್ನ ಮೊಬೈಲಿನಲ್ಲಿ ಹುಳಕ್ಕಿಂತ ಹುಳ ಇದ್ದ ಜಾಗದ ಫೋಟೋಗಳೇ ಜಾಸ್ತಿ.

ಅಪ್ಪನ ವಾಚು ಕೊಡಲು ಹೋದ ದಿನ, ಅವರ ಕಣ್ಣಿಗಿದ್ದ ಭೂತಗನ್ನಡಿ ನೋಡಿ ಅಂಥದ್ದು ಎಲ್ಲಿ ಸಿಗುತ್ತದೆ ಎಂದು ಕೇಳಿದೆ.

"ಯಾಕ್ರೀ ಮೇಡಂ, ಎದುರಿಗೊಂದು ಅಂಗಡಿ ಇಡ್ತೀರೇನು?"

ಮೊಬೈಲಿನ ಫೋಟೋ ತೋರಿಸಿ ಬಾಲದ ವಿಷಯ ಹೇಳಿದೆ. ಅವರು ಚಿಮಟ ಕೆಳಗಿಟ್ಟರು.

"ಸ್ಪ್ರಿಂಗ್ ಐತಿ ಅಂದ್ಮೇಲೆ ಅದನ್ನ ಹಿಡಿದಿಡೋಕೆ ಕೊಂಡಿ ಇರಲೇಬೇಕ್ರೀ. ಇಲ್ಲಾಂದ್ರೆ ಬಾಲ ಮಡಚಿಕೊಂಡು ಹೆಂಗ್ ಕುಂತಿರ್ತೈತಿ? ಕೊಂಡಿ ಎಲ್ಲೈತಿ, ತೋರಿಸ್ರಿ."

ನನಗೆ ಗೊತ್ತಿರಲಿಲ್ಲ. ಆ ವಾರವೆಲ್ಲ ಹುಡುಕಿ ಓದಿದೆ. ಕೊಂಡಿ ಇತ್ತು. ಹುಳವನ್ನೇ ಕಾಣದ ಮನುಷ್ಯ ಕೂತಲ್ಲೇ ಹೇಳಿಬಿಟ್ಟರಲ್ಲ ಎಂದು ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಆದರೆ ಓದಿದ್ದನ್ನು ಹೇಳಿದರೆ ಅವರಿಗೆ ಸಾಲಲಿಲ್ಲ. ಕಣ್ಣಾರೆ ನೋಡಬೇಕಂತೆ, ಅದೂ ಬೇಗ. ಅವರ ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. "ಸುತ್ತಲಿಂದು ಹೋಗೈತಿ, ನಡುವಿಂದು ಉಳಿದೈತಿ. ನನ್ನ ಕೆಲಸಕ್ಕೆ ನಡುವಿಂದೇ ಬೇಕಾಗಿದ್ದು ಬಿಡ್ರಿ," ಎಂದರು, ಯಾರದೋ ಕಣ್ಣಿನ ಮಾತಾಡುವ ಹಾಗೆ.

ನಡುವಿನದೂ ಹೋಗುವ ಮೊದಲು ಕೊಂಡಿ ತೋರಿಸಿಯೇ ಸಿದ್ಧ ಎಂದು ಅವತ್ತೇ ಅವರಿಗೆ ಮಾತು ಕೊಟ್ಟೆ.

ದಾರಿ ಹೇಳಿಕೊಟ್ಟವರೂ ಅವರೇ. ಹಳೆಯ ವಾಚಿನ ಗಾಜೊಂದನ್ನು ಕೊಟ್ಟು, ಹುಳವನ್ನು ಇದರ ಮೇಲೆ ಬಿಟ್ಟು ಕೆಳಗಿನಿಂದ ತೆಗೀರಿ ಎಂದರು. ಒಡೆದ ಭೂತಗನ್ನಡಿಯ ಮಸೂರವನ್ನು ನನ್ನ ಮೊಬೈಲಿಗೆ ಅಂಟಿಸಿದರು. ಅರ್ಧ ಉಸಿರು ಬಿಟ್ಟು ಅಲ್ಲೇ ನಿಲ್ಲಿಸಬೇಕು, ಪೂರ್ತಿ ಬಿಟ್ಟರೆ ಕೈ ನಡುಗುತ್ತದೆ ಎಂದು ತಾವೇ ಒಂದು ಸಾಸಿವೆಯಷ್ಟು ತಿರುಪು ಎತ್ತಿ ತೋರಿಸಿದರು. ನಾನು ಮನೆಯಲ್ಲಿ ಬೆಂಚಿನ ಅಂಚಿನಾಚೆಗೆ ಚಾಚಿಟ್ಟ ಎರಡು ಇಟ್ಟಿಗೆಗಳ ನಡುವೆ ಗಾಜು ಕೂರಿಸಿ, ಹೂವಿನ ಕುಂಡದ ಮಣ್ಣಿನಿಂದ ಹುಳ ಹಿಡಿದು, ನೆಲದ ಮೇಲೆ ಅಂಗಾತ ಮಲಗುತ್ತಿದ್ದೆ. ಗಾಜಿನ ಮೇಲೆ ಹುಳ ಅರೆನಿಮಿಷ ನಿಂತರೆ ದೊಡ್ಡದು. ಎಷ್ಟು ಭಾನುವಾರ ಹಾಗೆ ಕಳೆದವೋ... ಲೆಕ್ಕ ಇಟ್ಟಿಲ್ಲ.

ಕೊನೆಗೊಂದು ದಿನ ಬಾಲ ಸ್ಪಷ್ಟವಾಗಿ ಬಂತು. ಬಾಲದ ಮೇಲೊಂದು ಕಪ್ಪು ಚುಕ್ಕೆ. ಕೊಂಡಿ ಅಲ್ಲವೇನೋ ಎಂಬ ಅನುಮಾನ ಇತ್ತು. ಆದರೂ ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಸೊರಬದಿಂದ ಬಸ್ಸು ಹತ್ತಿ ಒಯ್ದು, "ಸಿಕ್ತು ಯಜಮಾನ್ರೇ," ಎಂದುಬಿಟ್ಟೆ. ಅವರಿಗೆ ಒಂದು ಸಮಾಧಾನವಾಗಲಿ ಎಂದು.

ಅವರು ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ಬಗ್ಗಿ ನೋಡಿದರು.

"ಧೂಳು ಕಣ್ರೀ. ಜೀವಮಾನ ಪೂರ್ತಿ ಧೂಳು ತೆಗೆದೋನಿಗೆ ಧೂಳು ಗೊತ್ತಾಗಲ್ವಾ?"

ಅವರು ಬೈಯಲಿಲ್ಲ, ನಕ್ಕರು. ಆಮೇಲೆ ಕಣ್ಣಿನಿಂದ ಭೂತಗನ್ನಡಿ ತೆಗೆದು ನನ್ನ ಕೈಗಿಟ್ಟರು. "ಕನಿಕರ ಮಾಡಬ್ಯಾಡ್ರಿ. ಮತ್ತೆ ತೆಗೀರಿ."

ಅದೇ ಕೊನೆಯ ಭೇಟಿ. ಮುಂದಿನ ಸಲ ಹೋದಾಗ ಅಂಗಡಿ ಮುಚ್ಚಿತ್ತು. ಮಗಳ ಮನೆಯಲ್ಲಿ ತೀರಿಕೊಂಡರು ಎಂದು ಪಕ್ಕದ ಟೈಲರ್ ಹೇಳಿದ. ನಾನು ಕೊಟ್ಟ ಮಾತು ಹಾಗೇ ಉಳಿಯಿತು. ಅದರ ಸಂಕಟ ಈಗಲೂ ಇದೆ, ಸುಳ್ಳು ಯಾಕೆ ಹೇಳಲಿ.

ಆದರೆ ಬಿಡಲಿಲ್ಲ. ಒಳ್ಳೆಯ ಕ್ಯಾಮೆರಾ ಕೊಂಡೆ. ಗಾಜು ಮಾತ್ರ ಅವರು ಕೊಟ್ಟದ್ದೇ. ಮೊನ್ನೆ ಭಾನುವಾರ ಬಾಲದ ಮೇಲೆ ಮತ್ತೆ ಒಂದು ಚುಕ್ಕೆ ಕಾಣಿಸಿತು. ಬಟ್ಟೆ ಹುಡುಕಿದ್ದು ಅದಕ್ಕೇ. ಗಾಜು ಒರೆಸಿದೆ, ಲೆನ್ಸ್ ಒರೆಸಿದೆ, ಮತ್ತೆ ತೆಗೆದೆ. ಚುಕ್ಕೆ ಅಲ್ಲೇ ಇತ್ತು. ಬೇರೆ ಹುಳ ಬಿಟ್ಟು ತೆಗೆದೆ. ಅದರಲ್ಲೂ ಅದೇ ಜಾಗದಲ್ಲಿ ಇತ್ತು. ಹಲ್ಲುಹಲ್ಲಾದ ಪುಟ್ಟ ಕೊಂಡಿ, ಬಾಲವನ್ನು ಹಿಡಿದುಕೊಂಡು.

ಪ್ರಿಂಟ್ ಹಾಕಿಸಿ ಶಿಕಾರಿಪುರಕ್ಕೆ ಒಯ್ದೆ. ಆ ಅಂಗಡಿಯಲ್ಲೀಗ ಮೊಬೈಲ್ ಕವರ್ ಮಾರುತ್ತಾರೆ. ಯಾವ ಮಾಡೆಲ್ ಬೇಕು ಎಂದು ಕೇಳಿದರು. ಫೋಟೋ ತೋರಿಸಿದರೆ ಚೆನ್ನಾಗಿದೆ ಎನ್ನುವವರು ಎಲ್ಲ ಕಡೆ ಸಿಗುತ್ತಾರೆ. ಧೂಳು ಎಂದು ಹೇಳಬಲ್ಲವರು ಒಬ್ಬರೇ ಇದ್ದರು... ಅಲ್ಲೇ ಮೆಟ್ಟಿಲ ಮೇಲೆ ನಿಂತು, ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಅರ್ಧ ಉಸಿರು ನಿಲ್ಲಿಸಿ, ಅವರಷ್ಟೇ ಹೊತ್ತು ಬಗ್ಗಿ ನೋಡಿದೆ.

ಧೂಳಲ್ಲರೀ, ಯಜಮಾನ್ರೇ. ಕೊಂಡಿನೇ.